ರೈಲು ಏಕೆ ನಿಂತಿತು?

ಸುರಿಯುವ ಮಳೆಯಲ್ಲಿ, ಯಾವ ನಿಲ್ದಾಣವೂ ಇಲ್ಲದ ಕಡೆ, ರೈಲು ತಾಸುಗಟ್ಟಲೆ ನಿಂತುಬಿಟ್ಟ ಅನುಭವ ವಾಚಕರಲ್ಲಿ ಅನೇಕರಿಗೆ ಆಗಿರಬೇಕು. ಮುಂದೆ ಬೇರೆ ಗಾಡಿಯಿಲ್ಲ. ಕೆಂಪು ದೀಪವೊಂದೇ ಉರಿಯುತ್ತಿದೆ. "ಸಿಗ್ನಲ್ ಕೆಟ್ಟಿದೆಯಂತೆ" ಎಂಬ ಮಾತು ಡಬ್ಬಿಯಿಂದ ಡಬ್ಬಿಗೆ ಹರಡುತ್ತದೆ. ಆದರೆ ಕೆಟ್ಟುಹೋದ ಸಿಗ್ನಲ್ಲು ಹಸುರನ್ನು ತೋರಿಸದೆ ಕೆಂಪನ್ನೇ ತೋರಿಸುವುದೇಕೆ? ಈ ಸಣ್ಣ ಪ್ರಶ್ನೆಯನ್ನು ಹಿಡಿದು ಹೊರಟರೆ ರೈಲುಮಾರ್ಗದ ರಕ್ಷಣೆಯ ಮೂಲತತ್ತ್ವವೇ ನಮಗೆ ದೊರೆಯುತ್ತದೆ.

1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಎಂಬಾತನು ಒಂದು ಸರಳವಾದ ಉಪಾಯವನ್ನು ಕಂಡುಹಿಡಿದನು. ಹಳಿಗಳನ್ನು ತುಂಡುತುಂಡು ಭಾಗಗಳಾಗಿ ವಿಂಗಡಿಸಿ, ಒಂದು ಭಾಗಕ್ಕೂ ಮತ್ತೊಂದಕ್ಕೂ ನಡುವೆ ವಿದ್ಯುತ್ತು ಹರಿಯದಂತೆ ತಡೆಯಬೇಕು. ಒಂದು ಭಾಗದ ಈ ತುದಿಯಲ್ಲಿ ಬ್ಯಾಟರಿಯನ್ನೂ ಆ ತುದಿಯಲ್ಲಿ ವಿದ್ಯುದಯಸ್ಕಾಂತವುಳ್ಳ ರಿಲೇಯನ್ನೂ ಎರಡು ಹಳಿಗಳಿಗೆ ಜೋಡಿಸಬೇಕು. ಮಾರ್ಗವು ಖಾಲಿಯಿದ್ದಾಗ ಪ್ರವಾಹವು ಒಂದು ಹಳಿಯಲ್ಲಿ ಹೋಗಿ ಮತ್ತೊಂದರಲ್ಲಿ ಹಿಂದಿರುಗುತ್ತದೆ. ರಿಲೇಯ ಕೈ ಮೇಲೆ ಸೆಳೆಯಲ್ಪಡುತ್ತದೆ. ಹಸುರು ದೀಪ ಹತ್ತಬಹುದು. ಗಾಡಿಯು ಆ ಭಾಗವನ್ನು ಪ್ರವೇಶಿಸಿದೊಡನೆ ಅದರ ಚಕ್ರಗಳೂ ಅಚ್ಚುಗಳೂ ಎರಡು ಹಳಿಗಳನ್ನು ಕೂಡಿಸಿಬಿಡುತ್ತವೆ. ಪ್ರವಾಹಕ್ಕೆ ಅಡ್ಡದಾರಿ ಸಿಕ್ಕಿ, ರಿಲೇ ತನ್ನ ಭಾರದಿಂದಲೇ ಕೆಳಗೆ ಬಿದ್ದು, ದೀಪವು ಕೆಂಪಾಗುತ್ತದೆ.

ಇಲ್ಲಿಯ ಜಾಣ್ಮೆಯನ್ನು ಗಮನಿಸಬೇಕು. ಬ್ಯಾಟರಿ ಬರಿದಾದರೂ ಕೆಂಪು. ತಂತಿ ಹರಿದರೂ ಕೆಂಪು. ಹಳಿ ಮುರಿದು ಪ್ರವಾಹ ಕಡಿದರೂ ಕೆಂಪು. ಹಸುರನ್ನು ತೋರಿಸಲು ಪ್ರವಾಹ ಬೇಕು; ಕೆಂಪಿಗೆ ಭೂಮಿಯ ಆಕರ್ಷಣೆಯೊಂದೇ ಸಾಕು. ಅದು ಎಂದಿಗೂ ಕೈಕೊಡುವುದಿಲ್ಲ. ಮಳೆಯ ಕಾಟವೂ ಹೀಗೆಯೇ. ಒಣಗಿದ ಜಲ್ಲಿಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು; ಕೆಸರುನೀರು ತುಂಬಿದ ಜಲ್ಲಿಯಲ್ಲಿ ಒಂದು ಹಳಿಯಿಂದ ಇನ್ನೊಂದಕ್ಕೆ ಸೋರುತ್ತದೆ. ರಿಲೇಗೆ ಸಾಕಷ್ಟು ಪ್ರವಾಹ ಮುಟ್ಟದೆ, ಗಾಡಿಯಿಲ್ಲದಿದ್ದರೂ ಕೆಂಪು ಬೀಳುತ್ತದೆ. ಇಂದು ಅನೇಕ ಕಡೆ ಚಕ್ರಗಳನ್ನು ಎಣಿಸುವ ಉಪಕರಣಗಳಿವೆ. ಒಳಹೊಕ್ಕ ಎಣಿಕೆಗೂ ಹೊರಬಂದ ಎಣಿಕೆಗೂ ಹೊಂದದಿದ್ದರೆ ಅವೂ ಕೆಂಪನ್ನೇ ಆರಿಸುತ್ತವೆ. "ನಿಶ್ಚಯವಿಲ್ಲದಿದ್ದರೆ ನಿಲ್ಲು" ಎಂಬುದೇ ಇವೆಲ್ಲದರ ಸೂತ್ರ.

ಈ ಸೂತ್ರ ತಪ್ಪಿದರೇನಾಗುವುದೆಂಬುದು 1988ರ ಡಿಸೆಂಬರ್ 12ರಂದು ಲಂಡನ್ನಿನ ಕ್ಲ್ಯಾಪ್‌ಹ್ಯಾಮ್ ಜಂಕ್ಷನ್ ಬಳಿ ಕಂಡುಬಂದಿತು. ದುರಸ್ತಿಯ ಕಾಲದಲ್ಲಿ ತೆಗೆಯದೆ ಬಿಟ್ಟ ಒಂದು ಹಳೆಯ ತಂತಿಯು ತಾಗಿ ಪ್ರವಾಹವನ್ನು ಒದಗಿಸಿತು. ಮುಂದೆ ಗಾಡಿಯಿದ್ದರೂ ಸಿಗ್ನಲ್ಲು ಕೆಂಪಾಗಲಿಲ್ಲ. 35 ಮಂದಿ ಮಡಿದರು.

ಆದರೆ ಹಳಿಯಲ್ಲಿ ಹರಿಯುವ ವಿದ್ಯುತ್ತಿಗೆ ಎಲ್ಲವೂ ತಿಳಿಯುವುದಿಲ್ಲ. ಬೇಸಗೆಯನ್ನೇ ತೆಗೆದುಕೊಳ್ಳೋಣ. ಉಷ್ಣತೆ 30 ಡಿಗ್ರಿ ಏರಿದರೆ ಒಂದು ಕಿಲೋಮೀಟರ್ ಉದ್ದದ ಉಕ್ಕು ಸುಮಾರು 35 ಸೆಂಟಿಮೀಟರ್ ಹಿಗ್ಗಬೇಕು. ಹಿಂದೆ ಹಳಿಗಳ ನಡುವೆ ಸಂದು ಬಿಡುತ್ತಿದ್ದುದು ಇದಕ್ಕಾಗಿಯೇ. ಈಗಿನ ಬೆಸೆದ ಉದ್ದ ಹಳಿಗಳಲ್ಲಿ ಹಿಗ್ಗಲು ಎಡೆಯಿಲ್ಲ. ಸ್ಲೀಪರುಗಳೂ ಜಲ್ಲಿಯೂ ಹಳಿಯನ್ನು ಬಿಗಿಹಿಡಿದಿರುತ್ತವೆ. ಹಿಗ್ಗಲಾರದ ಹಳಿಯಲ್ಲಿ ಒತ್ತಡ ಬೆಳೆಯುತ್ತದೆ. ಮೀಟರಿಗೆ 60 ಕಿಲೋಗ್ರಾಂ ತೂಗುವ ಹಳಿಯಲ್ಲಿ ಒಂದೊಂದು ಡಿಗ್ರಿಗೂ ಸುಮಾರು 1.9 ಟನ್ ಭಾರದಷ್ಟು ಬಲ. 30 ಡಿಗ್ರಿಗೆ 55 ಟನ್ನಿಗೂ ಮಿಕ್ಕು! ಜಲ್ಲಿ ಸಡಿಲವಾಗಿರುವ ಕಡೆ ಹಳಿಯು ಹಾವಿನಂತೆ ಪಕ್ಕಕ್ಕೆ ಬಾಗಿಬಿಡುತ್ತದೆ. ಬಾಗಿದರೂ ಅದು ಮುರಿದಿಲ್ಲವಾದ್ದರಿಂದ ಪ್ರವಾಹ ಹರಿಯುತ್ತಲೇ ಇರುತ್ತದೆ. ದೀಪ ಹಸುರಾಗಿಯೇ ಇರುತ್ತದೆ.

ಆದುದರಿಂದ ಹಳಿಯನ್ನು ಹಾಸುವಾಗಲೇ ಆಯಾ ಸೀಮೆಯ ಚಳಿ ಬಿಸಿಲುಗಳಿಗೆ ನಡುವಣ ಒಂದು ಉಷ್ಣತೆಯಲ್ಲಿ ಒತ್ತಡವಿಲ್ಲದಂತೆ ಕೂಡಿಸುತ್ತಾರೆ. ಬ್ರಿಟನ್ನಿನಲ್ಲಿ ಇದು 27 ಡಿಗ್ರಿ. 2022ರ ಜುಲೈ 19ರಂದು ಆ ದೇಶದಲ್ಲಿ ಗಾಳಿಯೇ 40.3 ಡಿಗ್ರಿ ಮುಟ್ಟಿತು. ಬಿಸಿಲಿನಲ್ಲಿ ಹಳಿಯು ಗಾಳಿಗಿಂತ ಸುಮಾರು 20 ಡಿಗ್ರಿ ಹೆಚ್ಚು ಕಾಯಬಲ್ಲುದು. ಅಂದು ಅಲ್ಲಿ ಗಾಡಿಗಳ ವೇಗವನ್ನು ತಗ್ಗಿಸಿ, ಕೆಲವು ಮಾರ್ಗಗಳನ್ನು ಮುಚ್ಚಿಯೇಬಿಟ್ಟರು. ನಮ್ಮ ಹಳಿಗಳನ್ನು ಹೆಚ್ಚಿನ ಉಷ್ಣತೆಗೆ ಹೊಂದಿಸಿರುವುದರಿಂದ 40 ಡಿಗ್ರಿ ನಮಗೆ ಅಷ್ಟು ದೊಡ್ಡ ವಿಪತ್ತಲ್ಲ.

ನಮ್ಮ ದೊಡ್ಡ ಶತ್ರು ನೀರು. ಇಳಿಜಾರಿನ ಮಣ್ಣು ನಿಂತಿರುವುದು ಕಣಕಣಗಳ ನಡುವಣ ಘರ್ಷಣೆಯಿಂದ. ಘರ್ಷಣೆಯಾದರೋ ಕಣಗಳು ಒಂದನ್ನೊಂದು ಒತ್ತುವ ಬಲವನ್ನು ಅವಲಂಬಿಸಿದೆ. ಸಂದುಗಳಲ್ಲಿ ತುಂಬಿದ ನೀರು ಕಣಗಳನ್ನು ದೂರ ತಳ್ಳಿ ಆ ಒತ್ತನ್ನು ಕಡಮೆಮಾಡುತ್ತದೆ. ಅದೇ ನೀರಿನ ಭಾರವು ಗುಡ್ಡವನ್ನು ಕೆಳಗೆ ಎಳೆಯುತ್ತದೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯಗಳ ನಡುವಣ ಘಟ್ಟದ ಮಾರ್ಗದಲ್ಲಿ 57 ಸುರಂಗಗಳು. 50 ಮೀಟರಿಗೆ ಒಂದು ಮೀಟರಿನಷ್ಟು ಏರು. 2018ರ ಆಗಸ್ಟಿನ ಮಹಾವೃಷ್ಟಿಯಲ್ಲಿ ಇಲ್ಲಿ ಅನೇಕ ಕಡೆ ಗುಡ್ಡ ಕುಸಿದು ಓಡಾಟವು ವಾರಗಟ್ಟಲೆ ನಿಂತಿತು. 2024ರ ಜುಲೈಯಲ್ಲಿ ಯಡಕುಮರಿಯ ಬಳಿ ಮತ್ತೆ ಮಣ್ಣು ಜಾರಿತು.

ಹಳಿಯಡಿಯ ಮಣ್ಣು ಕೊಚ್ಚಿಹೋದರೂ ಹಳಿಗಳು ತೂಗುಸೇತುವೆಯಂತೆ ಜೋತಾಡುತ್ತಾ ಪ್ರವಾಹವನ್ನು ಸಾಗಿಸುತ್ತಲೇ ಇರಬಹುದು. 1956ರ ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ಪ್ರವಾಹಕ್ಕೆ ಸಿಕ್ಕಿ ಶಿಥಿಲವಾಗಿದ್ದ ಸೇತುವೆಯಲ್ಲಿ ಗಾಡಿಯೊಂದು ನದಿಗೆ ಬಿದ್ದು ನೂರಕ್ಕೂ ಮಿಕ್ಕು ಜನ ಸತ್ತರು. ರೈಲ್ವೆ ಮಂತ್ರಿ ಲಾಲ್ ಬಹಾದೂರ್ ಶಾಸ್ತ್ರಿಯವರು ಹೊಣೆಹೊತ್ತು ರಾಜೀನಾಮೆ ಕೊಟ್ಟರು.

ಆದ್ದರಿಂದಲೇ ಯಂತ್ರಕ್ಕೆ ಕಾಣದುದನ್ನು ಕಾಣಲು ಮನುಷ್ಯನೇ ನಡೆಯಬೇಕಾಗಿದೆ. ಮಳೆಗಾಲದ ರಾತ್ರಿಗಳಲ್ಲಿ ಕಾವಲಿನವನು ದೀಪವನ್ನೂ, ಚಕ್ರ ಹತ್ತಿದೊಡನೆ ಸಿಡಿದು ಚಾಲಕನನ್ನು ಎಚ್ಚರಿಸುವ ಪಟಾಕಿಗಳನ್ನೂ ಹಿಡಿದು ಹಳಿಯುದ್ದಕ್ಕೂ ಹೋಗುತ್ತಾನೆ. ಸಂಶಯ ಬಂದರೆ ಗಾಡಿಯನ್ನು ನಿಲ್ಲಿಸುವ ಅಧಿಕಾರ ಅವನಿಗುಂಟು. ರಿಲೇಯ ಸೂತ್ರವೇ ಅವನದೂ ಕೂಡ.

ಚರಂಡಿಗಳನ್ನು ಕಾಲಕಾಲಕ್ಕೆ ತೋಡಿ, ಜಲ್ಲಿಯನ್ನು ಶುಚಿಯಾಗಿಟ್ಟರೆ ಇಂಥ ನಿಲುಗಡೆಗಳು ಬಹಳ ಮಟ್ಟಿಗೆ ಕಡಮೆಯಾಗುವುವು. ಅದಕ್ಕಾಗಿ ನಾವು ಒತ್ತಾಯಿಸುವುದು ನ್ಯಾಯ. ಆದರೆ ಮಳೆಯಲ್ಲಿ ಕೆಂಪು ದೀಪದೆದುರು ಗಾಡಿ ನಿಂತಾಗ, ಮುಂದಿನ ದಾರಿ ಸುರಕ್ಷಿತವೆಂದು ಇನ್ನೂ ಯಾರಿಗೂ ತಿಳಿದಿಲ್ಲ ಎಂಬುದೇ ಅದರ ಅರ್ಥ. ತಿಳಿಯುವವರೆಗೆ ಕಾಯುವುದೇ ಲೇಸು.