ನಮ್ಮ ಕಿವಿ: ಮತ್ತೆ ಬೆಳೆಯುವುದು, ಬೆಳೆಯದಿರುವುದು



ಕಳೆದ ಸಂಚಿಕೆಯಲ್ಲಿ ಕಡಲೆಕಾಯಿಗೆ ಬರುವ ಎಲೆಚುಕ್ಕೆ ರೋಗದ ಬಗ್ಗೆ ಬರೆದಿದ್ದೆವು. ಈ ಸಲ ಹೊಲವನ್ನು ಬಿಟ್ಟು ಕಿವಿಯ ವಿಷಯಕ್ಕೆ ಬರುತ್ತೇವೆ. ಅದಕ್ಕೆ ಕಾರಣ ನಮ್ಮದೇ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ನಮ್ಮ ಭಾನುವಾರದ ಧರ್ಮೋಪದೇಶ ತರಗತಿಗೆ ಗೋರಂಟ್ಲ ಹತ್ತಿರದ ಹಳ್ಳಿಯಿಂದ ಒಬ್ಬ ಹುಡುಗ ಬರುತ್ತಿದ್ದ. ಎರಡು ಮೂರು ಸಲ ಕೇಳಿದರೂ ಉತ್ತರವಿಲ್ಲ. ಸೋಮಾರಿ ಎಂದು ಬೈದೆವು. ಒಂದು ದಿನ ಹೊರಗೆ ನಿಲ್ಲಿಸಿದೆವು. ತರಗತಿ ಮುಗಿದ ಮೇಲೆ ಹತ್ತಿರ ಹೋಗಿ ಮಾತನಾಡಿಸಿದಾಗ ಅವನ ಕಿವಿಯಿಂದ ಬರುತ್ತಿದ್ದ ವಾಸನೆ ಗೊತ್ತಾಯಿತು. ಒಳಗೆ ಹಳೆಯ ಹತ್ತಿ ತುರುಕಿತ್ತು. ತಾಯಿಯನ್ನು ಕೇಳಿದರೆ, "ಸಣ್ಣವನಿದ್ದಾಗಿಂದ ಸೋರ್ತದೆ ಸ್ವಾಮಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡ್ತಾ ಇದ್ದೀವಿ. ದೊಡ್ಡವನಾದ್ರೆ ತಾನಾಗೇ ನಿಲ್ತದೆ ಅಂತಾರೆ" ಎಂದರು.

ಹುಡುಗನನ್ನೂ ಅವನ ತಂದೆಯನ್ನೂ ಕರೆದುಕೊಂಡು ಹಿಂದೂಪುರದ ಕಿವಿ, ಮೂಗು, ಗಂಟಲು ವೈದ್ಯರಲ್ಲಿಗೆ ಹೋದೆವು. ತಂದೆ ಇಪ್ಪತ್ತು ವರ್ಷಗಳಿಂದ ಕಡಲೆಕಾಯಿ ಸುಲಿಯುವ ಮಿಲ್ಲಿನಲ್ಲಿ ಕೆಲಸ ಮಾಡುವವರು. ಅವರೂ ಮಾತು ಮಾತಿಗೆ "ಆ?" ಎನ್ನುವುದನ್ನು ಗಮನಿಸಿ ವೈದ್ಯರು ಅವರ ಕಿವಿಯನ್ನೂ ಪರೀಕ್ಷಿಸಿದರು. ಮಗನ ಕಿವಿಯ ತಮಟೆಯಲ್ಲಿ ತೂತಿದೆ, ಸೋರುವುದನ್ನು ನಿಲ್ಲಿಸಿ ಮುಚ್ಚಬಹುದು ಎಂದರು. ತಂದೆಗೆ, "ನಿಮ್ಮದನ್ನು ಸರಿಮಾಡಲು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ" ಎಂದರು. ಹಿಂತಿರುಗುವಾಗ ಬಸ್ಸಿನಲ್ಲಿ ಅವರು ಕೇಳಿದ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಉಳಿದಿದೆ: "ಹುಡುಗನ ಕಿವಿ ತೂತು ಬಿದ್ದಿದೆ, ಅದು ಕೂಡ್ತದಂತೆ. ನನ್ನ ಕಿವಿ ನೋಡೋಕೆ ಚೆನ್ನಾಗೇ ಇದೆಯಂತೆ, ಅದು ಆಗಲ್ಲವಂತೆ. ಇದ್ಯಾವ ನ್ಯಾಯ ಸ್ವಾಮಿ?"

ಸೆಮಿನರಿಯಲ್ಲಿ ನಮಗೆ ದೇಹಶಾಸ್ತ್ರ ಕಲಿಸಲಿಲ್ಲ. ಆದರೂ ಪುಸ್ತಕ ನೋಡಿ, ವೈದ್ಯರನ್ನು ಮತ್ತೆ ಕೇಳಿ ತಿಳಿದುಕೊಂಡೆವು. ಆ ಪ್ರಶ್ನೆಗೆ ಉತ್ತರ ಕಿವಿಯ ಬೇರೆ ಬೇರೆ ಭಾಗಗಳು ಎಂತಹ ಜೀವಕೋಶಗಳಿಂದ ಆಗಿವೆ ಎಂಬುದರಲ್ಲಿದೆ.

ಕಿವಿಯನ್ನು ಹೊರಕಿವಿ, ನಡುಕಿವಿ, ಒಳಕಿವಿ ಎಂದು ಮೂರು ಭಾಗ ಮಾಡುತ್ತಾರೆ. ಹೊರಗೆ ಕಾಣುವ ಹಾಲೆ ಬಾಗಿದರೂ ಮತ್ತೆ ನೆಟ್ಟಗಾಗುವ ಮೃದ್ವಸ್ಥಿಯದು. ಈ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಮೇಲೆ ಹೊದ್ದಿರುವ ತೆಳು ಪೊರೆಯಿಂದಲೇ ಅದಕ್ಕೆ ಆಹಾರ. ಆದ್ದರಿಂದ ಹಾಲೆಯ ಮೇಲ್ಭಾಗದಲ್ಲಿ ಚುಚ್ಚಿಸಿಕೊಂಡ ತೂತು ಕೀವಾದರೆ ಬೇಗ ಮಾಯುವುದಿಲ್ಲ. ಕೆಳಗೆ ಓಲೆ ಹಾಕುವ ಜಾಗದಲ್ಲಿ ಮೃದ್ವಸ್ಥಿಯೇ ಇಲ್ಲ, ಬರೀ ಚರ್ಮ ಮತ್ತು ಕೊಬ್ಬು. ನಮ್ಮ ಅಜ್ಜಿಯರು ಅಲ್ಲಿಯೇ ಚುಚ್ಚಿಸುತ್ತಿದ್ದುದು ಒಳ್ಳೆಯದೇ ಆಯಿತು.

ಅಲ್ಲಿಂದ ಒಳಗೆ ಹೋಗುವ ನಾಳ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಹೊರಗಿನ ಮೂರನೇ ಒಂದು ಭಾಗದ ಗೋಡೆ ಮೃದ್ವಸ್ಥಿ; ಅಲ್ಲಿನ ಚರ್ಮದಲ್ಲಿ ಕೂದಲೂ ಗುಗ್ಗೆ ತಯಾರಿಸುವ ಗ್ರಂಥಿಗಳೂ ಇವೆ. ಒಳಗಿನ ಎರಡು ಭಾಗದ ಗೋಡೆ ಮೂಳೆ. ಅದರ ಮೇಲಿನ ಚರ್ಮ ಬಹಳ ತೆಳು, ಅಲ್ಲಿ ಗ್ರಂಥಿಯೂ ಇಲ್ಲ, ಕೂದಲೂ ಇಲ್ಲ. ಅಂದರೆ ಗುಗ್ಗೆ ಹುಟ್ಟುವುದು ಹೊರ ಅಂಚಿನಲ್ಲಿಯೇ. ತಮಟೆಯ ಹತ್ತಿರ ಗುಗ್ಗೆ ಸಿಕ್ಕಿದರೆ, ಅದನ್ನು ನಾವೇ ಕಡ್ಡಿಯಿಂದ ತಳ್ಳಿರುವ ಸಂಭವ ಹೆಚ್ಚು.

ಈ ಚರ್ಮದ ಇನ್ನೊಂದು ಗುಣ ನಮಗೆ ಆಶ್ಚರ್ಯ ತಂದಿತು. ಮೈಯ ಬೇರೆ ಕಡೆ ಸತ್ತ ಚರ್ಮ ಇದ್ದಲ್ಲಿಯೇ ಉದುರುತ್ತದೆ. ಕಿವಿಯೊಳಗೆ ಹಾಗೆ ಉದುರಿದರೆ ನಾಳವೇ ಮುಚ್ಚಿಹೋದೀತು. ಆದ್ದರಿಂದ ಇಲ್ಲಿಯ ಚರ್ಮ ತಮಟೆಯ ನಡುವಿನಿಂದ ಹೊರಟು, ಉಗುರು ಬೆಳೆಯುವಷ್ಟು ನಿಧಾನವಾಗಿ ಬಾಗಿಲ ಕಡೆಗೆ ಸಾಗುತ್ತದೆ. ಗುಗ್ಗೆಯನ್ನೂ ಧೂಳನ್ನೂ ಹೊತ್ತು ತರುತ್ತದೆ. ಕಿವಿ ತನ್ನನ್ನು ತಾನೇ ಗುಡಿಸಿಕೊಳ್ಳುತ್ತದೆ. ಹೇರ್‌ಪಿನ್ನು, ಬೆಂಕಿಕಡ್ಡಿ, ಹತ್ತಿ ಸುತ್ತಿದ ಕಡ್ಡಿ ಇವೆಲ್ಲ ಆ ಕೆಲಸಕ್ಕೆ ಅಡ್ಡಿ. ಸಂತೆಯಲ್ಲಿ ಹಣ ಕೊಟ್ಟು ಗುಗ್ಗೆ ತೆಗೆಸಿಕೊಳ್ಳುವವರನ್ನು ಕಂಡರೆ ನಮಗೆ ಭಯವಾಗುತ್ತದೆ. ಕಿವಿ ಕಟ್ಟಿದಂತಾಗಿದ್ದರೆ ವೈದ್ಯರು ಗುಗ್ಗೆಯನ್ನು ಮೆತ್ತಗೆ ಮಾಡಿ ತೆಗೆಯುತ್ತಾರೆ. ಕಡಲೆಕಾಯಿ ಸುಗ್ಗಿಯಲ್ಲಿ ಮಕ್ಕಳು ಬೀಜವನ್ನೋ ಅವರೆಕಾಳನ್ನೋ ಕಿವಿಗೆ ಹಾಕಿಕೊಳ್ಳುವುದುಂಟು. ಆಗ ನೀರು ಬಿಡಬೇಡಿ. ಕಾಳು ಊದಿ ಇನ್ನಷ್ಟು ಬಿಗಿಯಾಗುತ್ತದೆ.

ನಾಳದ ಕೊನೆಗೆ ತಮಟೆ. ಅಗಲ ಒಂದು ಸೆಂಟಿಮೀಟರ್‌ಗೆ ಹತ್ತಿರ, ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲು. ಇಷ್ಟು ತೆಳುವಿನಲ್ಲಿಯೂ ಮೂರು ಪದರಗಳಿವೆ. ಹೊರಗೆ ಚರ್ಮ, ಒಳಗೆ ತೇವದ ಪೊರೆ, ನಡುವೆ ನಾರು. ಬಂಡಿ ಚಕ್ರದ ಅರೆಗಳಂತೆ ಕೆಲವು ನಾರುಗಳು, ಚಕ್ರದ ಪಟ್ಟಿಯಂತೆ ಸುತ್ತಲೂ ಕೆಲವು. ಚರ್ಮವೂ ಪೊರೆಯೂ ಜೀವನಪೂರ್ತಿ ಹೊಸ ಜೀವಕೋಶಗಳನ್ನು ಹುಟ್ಟಿಸುವಂಥವು. ಆದ್ದರಿಂದ ಚಿಕ್ಕ ಹರಿತವಾದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಕಿವಿಯ ಮೇಲೆ ಬಿದ್ದ ಒಂದು ಏಟಿಗೂ ತಮಟೆ ಹರಿಯುತ್ತದೆ ಎಂಬುದನ್ನು ತಂದೆತಾಯಿಯರೂ ಉಪಾಧ್ಯಾಯರೂ ನೆನಪಿಡಬೇಕು. ಆ ಹುಡುಗನನ್ನು ನಾವು ಬೈದೆವು, ಹೊಡೆಯಲಿಲ್ಲ ಎಂಬುದೊಂದೇ ನಮಗೆ ಸಮಾಧಾನ.

ಹಾಗಾದರೆ ಅವನ ತೂತು ವರ್ಷಗಟ್ಟಲೆ ಏಕೆ ಮುಚ್ಚಲಿಲ್ಲ? ಪದೇ ಪದೇ ಕೀವಾದಾಗ ಹೊರಗಿನ ಚರ್ಮ ತೂತಿನ ಅಂಚನ್ನು ಸುತ್ತಿ ಬಂದು ಒಳಗಿನ ಪೊರೆಯನ್ನು ಕೂಡಿಕೊಳ್ಳುತ್ತದೆ. ಎರಡೂ ಸಂಧಿಸಿದ ಮೇಲೆ ಬೆಳವಣಿಗೆ ನಿಲ್ಲುತ್ತದೆ. ಬಟ್ಟೆಯ ಅಂಚನ್ನು ಮಡಚಿ ಹೊಲಿದುಬಿಟ್ಟಂತೆ. ಶಸ್ತ್ರವೈದ್ಯರು ಆ ಅಂಚನ್ನು ಕೆರೆದು ಹಸಿ ಮಾಡಿ, ಕಿವಿಯ ಮೇಲಿರುವ ಸ್ನಾಯುವಿನ ಹೊದಿಕೆಯಿಂದ ಒಂದು ಚೂರು ತೆಗೆದು ಒಳಗಿಡುತ್ತಾರೆ. ಚರ್ಮ ಅದರ ಮೇಲೆ ಹರಿದು ತೂತನ್ನು ಮುಚ್ಚುತ್ತದೆ. ವೈದ್ಯರು ದಾರಿ ಮಾಡಿಕೊಡುತ್ತಾರೆ, ಮುಚ್ಚುವ ಕೆಲಸ ಚರ್ಮದ್ದು.

ತಮಟೆಯ ಹಿಂದೆ ನಡುಕಿವಿ, ಗಾಳಿ ತುಂಬಿದ ಸಣ್ಣ ಕೋಣೆ. ಅದರಲ್ಲಿ ಮೂರು ಮೂಳೆಗಳು: ಸುತ್ತಿಗೆ, ಅಡಿಗಲ್ಲು, ರಿಕಾಪು. ರಿಕಾಪಿನ ಎತ್ತರ ಮೂರು ಮಿಲಿಮೀಟರಿನಷ್ಟು, ನಮ್ಮ ದೇಹದಲ್ಲಿ ಅದಕ್ಕಿಂತ ಚಿಕ್ಕ ಮೂಳೆ ಇಲ್ಲ. ಗಾಳಿಯ ಶಬ್ದವನ್ನು ಒಳಕಿವಿಯ ನೀರಿಗೆ ದಾಟಿಸುವುದು ಇವುಗಳ ಕೆಲಸ. ಬಾವಿಯ ದಡದಲ್ಲಿ ಕೂಗಿದರೆ ನೀರಿನೊಳಗೆ ಮುಳುಗಿದವನಿಗೆ ಸರಿಯಾಗಿ ಕೇಳದು. ಗಾಳಿಯ ಶಬ್ದ ನೀರಿನ ಮೇಲ್ಮೈಗೆ ತಾಗಿ ಹಿಂದಿರುಗುತ್ತದೆ. ಅಗಲವಾದ ತಮಟೆಗೆ ಬಿದ್ದ ಒತ್ತಡವನ್ನು ರಿಕಾಪಿನ ಚಿಕ್ಕ ಪಾದದ ಮೇಲೆ ತಂದು ಈ ಮೂಳೆಗಳು ಸುಮಾರು ಇಪ್ಪತ್ತು ಪಟ್ಟು ಹೆಚ್ಚಿಸುತ್ತವೆ.

ನಡುಕಿವಿಯಿಂದ ಮೂಗಿನ ಹಿಂಬದಿಗೆ ಒಂದು ನಾಳವಿದೆ. ಚಿಕ್ಕ ಮಕ್ಕಳಲ್ಲಿ ಇದು ಗಿಡ್ಡ, ಹೆಚ್ಚು ಇಳಿಜಾರೂ ಇಲ್ಲ. ನೆಗಡಿಯ ಕ್ರಿಮಿ ಸುಲಭವಾಗಿ ಮೇಲೆ ಹೋಗುತ್ತದೆ. ಮಕ್ಕಳ ಕಿವಿ ಸೋರುವ ಕಾಯಿಲೆ ಬಹುಮಟ್ಟಿಗೆ ಹೀಗೆ ಮೂಗಿನಿಂದ ಶುರುವಾಗುತ್ತದೆ, ಸ್ನಾನದ ನೀರಿನಿಂದಲ್ಲ. ತೂತಿರುವ ಕಿವಿಗೆ ಎಣ್ಣೆ ಬಿಟ್ಟರೆ ಅದು ನೇರ ಈ ಕೋಣೆಗೇ ಇಳಿಯುತ್ತದೆ. ಬೆಳ್ಳುಳ್ಳಿ ಎಣ್ಣೆಯಾಗಲಿ, ಎಲೆಯ ರಸವಾಗಲಿ, ತಾಯಿಯ ಹಾಲಾಗಲಿ ಬೇಡ. ದುರ್ವಾಸನೆಯ ಕೀವು ಮಾತ್ರ ತಡಮಾಡುವ ವಿಷಯವೇ ಅಲ್ಲ. ಕೆಲವರಲ್ಲಿ ಹೊರಗಿನ ಚರ್ಮ ನಡುಕಿವಿಯೊಳಗೆ ಸೇರಿ ಗಂಟಾಗಿ, ಸುತ್ತಲಿನ ಮೂಳೆಯನ್ನು ಸವೆಸುತ್ತದೆ. ಆ ಕೋಣೆಯ ತೆಳು ಮೇಲ್ಛಾವಣಿಯ ಆಚೆಗೆ ಮೆದುಳು, ಗೋಡೆಯಲ್ಲಿ ಮುಖದ ನರ. ಕಿವಿ ಸೋರುವವರಿಗೆ ತಲೆಸುತ್ತು, ಬಾಯಿ ಸೊಟ್ಟಗಾಗುವುದು, ಜ್ವರದೊಡನೆ ವಿಪರೀತ ತಲೆನೋವು ಅಥವಾ ಕಿವಿಯ ಹಿಂದೆ ಊತ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಇಲ್ಲಿಯವರೆಗೆ ಮಗನ ಕಿವಿ. ತಂದೆಯ ಕಿವಿ ಕೆಟ್ಟಿರುವುದು ಇದಕ್ಕೂ ಒಳಗೆ.

ಒಳಕಿವಿ ಗಟ್ಟಿ ಮೂಳೆಯೊಳಗೆ ಕೊರೆದ ನೀರಿನ ದಾರಿ. ಅದರ ಒಂದು ಭಾಗ ಮೈಯ ಸಮತೋಲನಕ್ಕೆ; ಅದರ ಕಥೆಯೇ ಬೇರೆ, ಇನ್ನೊಮ್ಮೆ ನೋಡೋಣ. ಕೇಳುವ ಭಾಗ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು ಸುತ್ತಿದೆ. ಬಿಚ್ಚಿದರೆ ಸುಮಾರು ಮೂವತ್ತೈದು ಮಿಲಿಮೀಟರ್. ಅದರೊಳಗೆ ಬುಡದಿಂದ ತುದಿಯವರೆಗೆ ಒಂದು ಪಟ್ಟಿ, ಪಟ್ಟಿಯ ಮೇಲೆ ಸಾಲಾಗಿ ರೋಮಕೋಶಗಳು. ಇಟಲಿಯ ಆಲ್ಫೊನ್ಸೊ ಕಾರ್ಟಿ 1851ರಲ್ಲಿ ಸೂಕ್ಷ್ಮದರ್ಶಕದಿಂದ ನೋಡಿ ಇದನ್ನು ವಿವರಿಸಿದರು. ಅದಕ್ಕೆ ಇಂದಿಗೂ ಅವರದೇ ಹೆಸರು. ಒಳಸಾಲಿನಲ್ಲಿ ಸುಮಾರು 3,500 ಕೋಶಗಳು, ಹೊರಗಿನ ಮೂರು ಸಾಲುಗಳಲ್ಲಿ ಸುಮಾರು 12,000. ಪ್ರತಿಯೊಂದರ ತಲೆಯ ಮೇಲೆ ಜೋಳದ ಕೂಳೆಯಂತೆ ನೆಟ್ಟಗೆ ನಿಂತ ಸೂಕ್ಷ್ಮ ರೋಮಗಳು. ನೀರು ಅಲುಗಿದಾಗ ರೋಮಗಳು ಬಾಗುತ್ತವೆ, ಕೋಶ ನರಕ್ಕೆ ಸುದ್ದಿ ಕೊಡುತ್ತದೆ. ಮೆದುಳಿಗೆ ಸುದ್ದಿ ಮುಟ್ಟಿಸುವುದು ಮುಖ್ಯವಾಗಿ ಒಳಸಾಲು. ಹೊರಸಾಲಿನ ಕೋಶಗಳು ತಾವೇ ಕುಗ್ಗಿ ಹಿಗ್ಗಿ ಪಿಸುಮಾತನ್ನು ಕೇಳುವಷ್ಟು ದೊಡ್ಡದು ಮಾಡುತ್ತವೆ.

ಒಂದು ಕಿವಿಗೆ ಹದಿನೈದು ಸಾವಿರ ಎಂದರೆ ಎಷ್ಟು? ಒಂದು ಚೀಲ ಕಡಲೆಬೀಜದಲ್ಲಿ ಇದಕ್ಕಿಂತ ಹೆಚ್ಚು ಕಾಳುಗಳಿರುತ್ತವೆ. ತಾಯಿಯ ಗರ್ಭದಲ್ಲಿರುವಾಗಲೇ ಇವುಗಳ ಲೆಕ್ಕ ಮುಗಿದಿರುತ್ತದೆ. ಚರ್ಮದಂತೆ ಇವು ಮತ್ತೆ ಹುಟ್ಟುವುದಿಲ್ಲ. ಸತ್ತ ಕೋಶದ ಜಾಗವನ್ನು ಪಕ್ಕದ ಆಸರೆ ಕೋಶಗಳು ಮುಚ್ಚಿಕೊಳ್ಳುತ್ತವೆ, ಆದರೆ ಅವಕ್ಕೆ ಕೇಳಲು ಬರುವುದಿಲ್ಲ. ನಮ್ಮ ಅಂಗಳದ ಕೋಳಿಗೆ ಮಾತ್ರ ಈ ಕಷ್ಟವಿಲ್ಲ! ಹಕ್ಕಿಗಳ ಕಿವಿಯಲ್ಲಿ ಆಸರೆ ಕೋಶಗಳಿಂದ ಹೊಸ ರೋಮಕೋಶಗಳು ಹುಟ್ಟುತ್ತವೆ ಎಂದು ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ಕಂಡುಕೊಂಡರು. ಕೋಳಿ ಕಿವುಡಾದರೂ ಕೆಲವು ವಾರಗಳಲ್ಲಿ ಮತ್ತೆ ಕೇಳಿಸಿಕೊಳ್ಳುತ್ತದೆ. ಮನುಷ್ಯನಲ್ಲಿಯೂ ಹಾಗೆ ಮಾಡಲು ಸಂಶೋಧನೆ ನಡೆಯುತ್ತಿದೆ, ಆದರೆ ಆಸ್ಪತ್ರೆಯಲ್ಲಿ ಕೊಡುವಂಥ ಔಷಧಿ ಇನ್ನೂ ಬಂದಿಲ್ಲ.

ರೋಮಕೋಶಗಳ ಮುಖ್ಯ ಶತ್ರು ಸದ್ದು. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್‌ವರೆಗೆ ಕಿವಿ ತಡೆದೀತು. ಅಲ್ಲಿಂದ ಮೂರು ಮೂರು ಡೆಸಿಬೆಲ್ ಏರಿದಂತೆ ಸಮಯವನ್ನು ಅರ್ಧ ಮಾಡುತ್ತಾ ಹೋಗಬೇಕು ಎಂಬುದು ತಜ್ಞರ ಲೆಕ್ಕ. ವಿದ್ಯುತ್ ಮಗ್ಗಗಳ ಕೊಠಡಿಯಲ್ಲಿ ಸಾಮಾನ್ಯವಾಗಿ 90ಕ್ಕೂ ಮೀರಿದ ಸದ್ದು. ಮಿಲ್ಲಿನದೂ ಕಣದ ಯಂತ್ರದ್ದೂ ಇದಕ್ಕೇನೂ ಕಡಿಮೆಯಲ್ಲ. ಪಕ್ಕದಲ್ಲಿರುವವರೊಡನೆ ಮಾತನಾಡಲು ಕೂಗಬೇಕಾದರೆ ಆ ಸದ್ದು ಕಿವಿಗೆ ಹೆಚ್ಚಾಯಿತು ಎಂದೇ ತಿಳಿಯಿರಿ. ಸಂಜೆ ಮನೆಗೆ ಬಂದಾಗ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅದು ಕೋಶಗಳ ದೂರು. ಮೊದಮೊದಲು ರಾತ್ರಿ ಕಳೆಯುವುದರಲ್ಲಿ ಸರಿಹೋಗುತ್ತದೆ. ವರ್ಷಗಳಾದ ಮೇಲೆ ಸರಿಹೋಗುವುದಿಲ್ಲ.

ಮೊದಲು ಸಾಯುವುದು ಸುರುಳಿಯ ಬುಡದ ಕಡೆಯ ಕೋಶಗಳು. ಕೀರಲು ಸದ್ದನ್ನು ಕೇಳುವುದು ಆ ಕಡೆಯೇ. ಸ, ಶ, ತ, ಕ ಮೊದಲಾದ ಅಕ್ಷರಗಳ ಗುರುತು ಅಂಥ ಸದ್ದಿನಲ್ಲಿಯೇ ಇದೆ. ಆದ್ದರಿಂದ ಇಂಥವರಿಗೆ ಧ್ವನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. "ಅತ್ತೆ ಬಂದರು" ಎಂದರೆ "ಅಕ್ಕ ಬಂದರು" ಎಂದುಕೊಳ್ಳುತ್ತಾರೆ. ಹೆಂಡತಿ ಮಕ್ಕಳು ಗೊಣಗುತ್ತಾರೆ ಎಂದು ಅವರಿಗೆ ಸಿಟ್ಟು. ಬೇಕಾದ್ದು ಮಾತ್ರ ಕೇಳುತ್ತದೆ ಎಂದು ಮನೆಯವರಿಗೆ ಸಿಟ್ಟು. ಇಬ್ಬರದೂ ತಪ್ಪಲ್ಲ.

ಕೆಲವು ಔಷಧಿಗಳೂ ಈ ಕೋಶಗಳನ್ನು ಕೊಲ್ಲುತ್ತವೆ. ಹಿಂದೆ ಕ್ಷಯಕ್ಕೆ ತಿಂಗಳುಗಟ್ಟಲೆ ಕೊಡುತ್ತಿದ್ದ ಸ್ಟ್ರೆಪ್ಟೋಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಚುಚ್ಚುಮದ್ದುಗಳು ಅಂಥವು. ಜೀವ ಉಳಿಸಲು ಬೇಕಾದಾಗ ಬೇಡ ಎನ್ನಬಾರದು. ಆದರೆ ಕಿವಿಯಲ್ಲಿ ಸದ್ದು ಅಥವಾ ತಲೆಸುತ್ತು ಬಂದರೆ ವೈದ್ಯರಿಗೆ ಕೂಡಲೇ ಹೇಳಬೇಕು.

ಮಿಲ್ಲು, ಮಗ್ಗ, ಟ್ರ್ಯಾಕ್ಟರುಗಳ ಕೆಲಸದವರು ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕೆಂದು ತಿಳಿದಿದ್ದಾರೆ. ಹತ್ತಿ ಸದ್ದನ್ನು ತಡೆಯುವುದು ಅತ್ಯಲ್ಪ. ಹಿಸುಕಿ ಇಡುವ ಸ್ಪಂಜಿನ ಬಿರಡೆ ಅಥವಾ ಕಿವಿಯನ್ನು ಪೂರ್ತಿ ಮುಚ್ಚುವ ಕವಚ ಬೇಕು. ಕೀವಿರುವ ಕಿವಿಗೆ ಬಿರಡೆ ಬೇಡ, ಕವಚವೇ ಸರಿ. ಗಂಟೆಗೊಮ್ಮೆ ಸದ್ದಿನಿಂದ ದೂರ ಹೋಗಿ ಬರುವುದೂ ಉಪಯೋಗ.

ಹುಟ್ಟಿದ ಮಗುವಿನ ಕಿವಿಯನ್ನು ಮಲಗಿರುವಾಗಲೇ ಪರೀಕ್ಷಿಸಬಹುದು. ಆರೋಗ್ಯವಾಗಿರುವ ಹೊರಸಾಲಿನ ಕೋಶಗಳು ತಾವೇ ಸಣ್ಣ ಮರುಸದ್ದು ಮಾಡುತ್ತವೆ, ಯಂತ್ರ ಅದನ್ನು ಹಿಡಿಯುತ್ತದೆ. ನೋವಿಲ್ಲ, ಕೆಲವೇ ನಿಮಿಷ. 1960ರ ದಶಕದಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಯಿಂದ ಹಿಡಿದು ಶ್ರವಣ ಸಾಧನ, ಮಾತು ಕಲಿಸುವ ತರಬೇತಿಯವರೆಗೆ ಎಲ್ಲವೂ ಇದೆ, ಕನ್ನಡದಲ್ಲಿಯೇ ಮಾತನಾಡಿಸುತ್ತಾರೆ. ಪೂರ್ತಿ ಕಿವುಡಾಗಿ ಹುಟ್ಟಿದ ಕೆಲವು ಮಕ್ಕಳಿಗೆ ಸುರುಳಿಯೊಳಗೆ ತಂತಿ ಇಟ್ಟು, ರೋಮಕೋಶಗಳನ್ನು ಬಿಟ್ಟು ನರಕ್ಕೇ ಸುದ್ದಿ ಕೊಡುವ ಶಸ್ತ್ರಚಿಕಿತ್ಸೆಯೂ ಇದೆ. ಇದಕ್ಕೆ ಸರ್ಕಾರದ ನೆರವು ಸಿಗುತ್ತದೆ, ಆದರೆ ಮಗು ಚಿಕ್ಕದಿರುವಾಗಲೇ ಹೋಗಬೇಕು.

ಹುಡುಗನ ಕಿವಿ ಒಣಗಲು ಮೂರು ತಿಂಗಳು ಹಿಡಿಯಿತು. ಆಮೇಲೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು, ತೂತು ಮುಚ್ಚಿತು. ಅವನಲ್ಲಿ ನಾವು ಕ್ಷಮೆ ಕೇಳಿದೆವು. ಅವನು ನಾಚಿಕೊಂಡು ನಕ್ಕ. ತಂದೆ ಶ್ರವಣ ಸಾಧನ ಹಾಕಿಕೊಂಡ ಮೊದಲ ವಾರ ಪಾತ್ರೆಯ ಸದ್ದು, ಬಸ್ಸಿನ ಸದ್ದು ತಡೆಯಲಾರದೆ ತೆಗೆದಿಟ್ಟಿದ್ದರು. ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಿ ಎಂದು ಹೇಳಿಕೊಟ್ಟ ಮೇಲೆ ಅಭ್ಯಾಸವಾಯಿತು. ಮಿಲ್ಲಿನಲ್ಲಿ ಅದನ್ನು ತೆಗೆದು ಜೇಬಿಗೆ ಹಾಕಿ, ಕವಚ ಹಾಕಿಕೊಳ್ಳುತ್ತಾರೆ. ಜೊತೆಯ ಕೆಲಸದವರು ಮೊದಲು ನಗುತ್ತಿದ್ದರಂತೆ. ಈಗ ಅವರಲ್ಲಿ ಇಬ್ಬರು ಕವಚ ಎಲ್ಲಿ ಸಿಗುತ್ತದೆ ಎಂದು ನಮ್ಮನ್ನು ಕೇಳಿಕೊಂಡು ಬಂದಿದ್ದರು.