ಬರಿಗಾಲನ್ನು ಹೋಲುವ ಬೂಟುಗಳು

ಮನುಷ್ಯನ ಒಂದೊಂದು ಪಾದದಲ್ಲಿಯೂ 26 ಎಲುಬುಗಳೂ ಮೂವತ್ತಕ್ಕೂ ಮಿಕ್ಕ ಕೀಲುಗಳೂ ಇವೆ. ನೆಲದ ಏರುತಗ್ಗಿಗೆ ತಕ್ಕಂತೆ ಪಾದವು ಬಾಗುವುದು ಇವುಗಳಿಂದಲೇ. ಅಂಗಾಲಿನ ನರಗಳಾದರೋ ನೆಲದ ಸ್ವರೂಪವನ್ನು ಕ್ಷಣಕ್ಷಣಕ್ಕೂ ಮಿದುಳಿಗೆ ತಿಳಿಸುತ್ತಿರುತ್ತವೆ. ಬೆಟ್ಟ ಹತ್ತುವವರು ತೊಡುವ ದಪ್ಪ ಬೂಟು ಪಾದವನ್ನು ಕಾಯುತ್ತದೆಯಾದರೂ ಈ ಎರಡು ಕಾರ್ಯಗಳಿಗೂ ಅಡ್ಡಿಯಾಗುತ್ತದೆ. ಈ ಕೊರತೆಯನ್ನು ನೀಗಲು ಬಂದುದೇ ಬರಿಗಾಲು ಬೂಟು. ಇದರ ಲಕ್ಷಣಗಳು ನಾಲ್ಕು: ಅಟ್ಟೆ ತೆಳುವಾಗಿರುತ್ತದೆ, ಸುಲಭವಾಗಿ ಬಾಗುತ್ತದೆ, ಹಿಮ್ಮಡಿಯೂ ಮುಂಗಾಲೂ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ, ಬೆರಳುಗಳು ಹರಡಿಕೊಳ್ಳುವಷ್ಟು ಮುಂಭಾಗ ಅಗಲವಾಗಿರುತ್ತದೆ.

ಇಂಥ ಬೂಟುಗಳನ್ನು ಹೋಲಿಸುವಾಗ ನಾವು ಮೊದಲು ಗಮನಿಸಬೇಕಾದುದು ಅಟ್ಟೆಯ ದಪ್ಪ. ಒಂದೇ ವಸ್ತುವಿನ ಹಲಗೆಗಳನ್ನು ಬಾಗಿಸಲು ಬೇಕಾದ ಬಲವು ಅವುಗಳ ದಪ್ಪದ ಘನವನ್ನು ಅನುಸರಿಸುತ್ತದೆ. ಆದುದರಿಂದ 8 ಮಿ.ಮೀ. ಅಟ್ಟೆಯನ್ನು ಬಾಗಿಸುವ ಬಲದ ಎಂಟನೆಯ ಒಂದು ಪಾಲು 4 ಮಿ.ಮೀ. ಅಟ್ಟೆಗೆ ಸಾಕು. ಆದರೆ ಈ ಲಾಭ ಪುಕ್ಕಟೆಯಾಗಿ ದೊರೆಯುವುದಿಲ್ಲ. ಶಾಖವನ್ನು ತಡೆಯುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಹಿಮದ ನೆಲದಲ್ಲಿ ಕಾಲು ಬೇಗ ತಣ್ಣಗಾಗುತ್ತದೆ. ಚೂಪು ಕಲ್ಲಿನ ಒತ್ತಡವನ್ನು ಬಿಗಿಯಾದ ಅಟ್ಟೆ ಅಂಗಾಲಿಗೆಲ್ಲ ಹಂಚುತ್ತದೆ. ತೆಳು ಅಟ್ಟೆ ಅದನ್ನು ಒಂದೇ ಕಡೆಗೆ ಬಿಟ್ಟುಕೊಡುತ್ತದೆ. ಹುಲ್ಲುನೆಲಕ್ಕೂ ಮೆತ್ತನೆಯ ಮಣ್ಣಿನ ದಾರಿಗೂ ತೆಳು ಅಟ್ಟೆ ಒಪ್ಪುತ್ತದೆ. ಜಲ್ಲಿಕಲ್ಲಿನ ದಾರಿಗೂ ಚಳಿಗೂ ತುಸು ದಪ್ಪನೆಯದೇ ಲೇಸು. ಕೊಳ್ಳುವವರು ಇನ್ನೊಂದನ್ನು ವಿಚಾರಿಸಬೇಕು: ಹೇಳಿದ ದಪ್ಪದಲ್ಲಿ ಒಳಹಾಸೂ ಅಡಿಯ ರಬ್ಬರಿನ ಹಲ್ಲುಗಳೂ ಸೇರಿವೆಯೇ, ಇಲ್ಲವೇ?

ಎರಡನೆಯದು ಮೇಲುಹೊದಿಕೆ. ಚರ್ಮ ಬಾಳಿಕೆಯುಳ್ಳದ್ದು, ಆದರೆ ನೆನೆದರೆ ಒಣಗಲು ಬಹಳ ಹೊತ್ತು ಬೇಕು. ತೆಳುವಾದ ನೂಲಿನ ಹೊದಿಕೆ ಬೇಗ ನೆನೆದು ಬೇಗ ಒಣಗುತ್ತದೆ. ಸೂಕ್ಷ್ಮರಂಧ್ರಗಳ ಪೊರೆಯುಳ್ಳ ಬೂಟು ಬೆವರಿನ ಆವಿಯನ್ನು ಹೊರಬಿಟ್ಟು ನೀರನ್ನು ತಡೆಯುತ್ತದೆ. ಆದರೆ ಮೇಲಿನಿಂದ ಒಳನುಗ್ಗಿದ ನೀರನ್ನೂ ಅದು ಹೊರಕ್ಕೆ ಬಿಡದು. ಇಂಥ ಬೂಟುಗಳ ಮೆತ್ತನೆಯ ಎತ್ತರದ ಪಟ್ಟಿ ಮುಳ್ಳನ್ನೂ ಮರಳನ್ನೂ ತಡೆಯುತ್ತದೆಯೇ ಹೊರತು ಹರಡು ಉಳುಕದಂತೆ ಹಿಡಿದಿಡುತ್ತದೆಂದು ನಂಬಬಾರದು.

ಪಾದರಕ್ಷೆಯಿಂದ ಪಾದದ ರೂಪವೇ ಬದಲಾದೀತೇ? ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ರಾವ್ ಮತ್ತು ಜೋಸೆಫ್ ಎಂಬ ವೈದ್ಯರು 2300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೂ ತೊಡದವರಲ್ಲಿ 2.8 ಮಂದಿಗೂ ಚಪ್ಪಟೆ ಪಾದವಿದ್ದಿತು. ಬೆರಳು ಮುಚ್ಚುವ ಬೂಟು ತೊಡುವವರಲ್ಲಿ ಅದು ಎಲ್ಲರಿಗಿಂತ ಹೆಚ್ಚು. ಬಾಲ್ಯದಲ್ಲಿ ಪಾದಕ್ಕೆ ಸ್ವಾತಂತ್ರ್ಯ ಬೇಕೆಂಬುದನ್ನು ಇದು ಸೂಚಿಸುತ್ತದೆ. ಬೆಳೆದವರು ತೆಳು ಬೂಟು ತೊಟ್ಟೊಡನೆ ಪಾದ ಬಲಗೊಳ್ಳುತ್ತದೆಂದು ಮಾತ್ರ ಇದರಿಂದ ಹೇಳಲಾಗದು.

ಇದಕ್ಕೆ ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೇ ಸಾಕ್ಷಿ. 36 ಓಟಗಾರರಲ್ಲಿ ಕೆಲವರು 10 ವಾರಗಳಲ್ಲಿ ಕ್ರಮೇಣ ತೆಳು ಪಾದರಕ್ಷೆಗೆ ಬದಲಾದರು. ಉಳಿದವರು ತಮ್ಮ ಹಳೆಯ ಬೂಟುಗಳಲ್ಲಿಯೇ ಓಡಿದರು. ಬದಲಾಯಿಸಿದವರಲ್ಲಿ ಹೆಚ್ಚು ಮಂದಿಗೆ ಪಾದದ ಎಲುಬಿನ ಮಜ್ಜೆಯಲ್ಲಿ ಊತ ಕಂಡುಬಂದಿತು. ಹೊಸ ಹೊರೆಗೆ ತಕ್ಕಂತೆ ಎಲುಬು ತನ್ನನ್ನು ಕಟ್ಟಿಕೊಳ್ಳಲು ತಿಂಗಳುಗಳೇ ಬೇಕಾಗುತ್ತವೆ.

ಆದುದರಿಂದ ಇಂಥ ಬೂಟನ್ನು ಬಯಸುವ ವಿದ್ಯಾರ್ಥಿಗಳು ಮೊದಲು ದಿನಕ್ಕೆ ಸ್ವಲ್ಪ ಹೊತ್ತು ಸಮನೆಲದಲ್ಲಿ ನಡೆದು ರೂಢಿ ಮಾಡಿಕೊಳ್ಳಲಿ. ಬೆನ್ನಮೇಲೆ ಭಾರ ಹೊತ್ತು ಬೆಟ್ಟವೇರುವುದು ಕಟ್ಟಕಡೆಯ ಪಾಠವಾಗಲಿ. ಪಾದದಲ್ಲಿ ನೋವು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಬೂಟನ್ನು ಒಂದು ದಿನದಲ್ಲಿ ಬದಲಿಸಬಹುದು. ಪಾದವನ್ನು ಹಾಗೆ ಬದಲಿಸಲಾಗದು.