ಬಿಆರ್‌ಸಿಎ ವರದಿಯಲ್ಲಿ ‘ವಿಯುಎಸ್’: ಪರೀಕ್ಷೆಗೆ ಮುಖ್ಯಾಂಶಗಳು

• ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವಂಥವು ಸುಮಾರು ಶೇ 5–10 ಮಾತ್ರ. ಬಿಆರ್‌ಸಿಎ1 ಇರುವುದು 17ನೇ ಕ್ರೋಮೊಸೋಮ್‌ನಲ್ಲಿ, ಬಿಆರ್‌ಸಿಎ2 13ನೆಯದರಲ್ಲಿ. ಎರಡೂ ಡಿಎನ್‌ಎ ದುರಸ್ತಿಯ ಜೀನ್‌ಗಳು. ಇವುಗಳ ದೋಷ ತಂದೆಯ ಕಡೆಯಿಂದಲೂ ಬರುತ್ತದೆ. ಸ್ತನ ಕ್ಯಾನ್ಸರ್ ಎಂದೊಡನೆ ತಾಯಿಯ ಕಡೆಯವರನ್ನಷ್ಟೇ ವಿಚಾರಿಸಿ ಬಿಡುವವರು ಈಗಲೂ ಬಹಳ.

• 2015ರ ಎಸಿಎಂಜಿ–ಎಎಂಪಿ ಮಾರ್ಗಸೂಚಿಯಲ್ಲಿ ವೇರಿಯಂಟ್‌ಗಳಿಗೆ (ಜೀನ್ ಬದಲಾವಣೆಗಳಿಗೆ) ಐದು ದರ್ಜೆ: ರೋಗಕಾರಕ, ಬಹುಶಃ ರೋಗಕಾರಕ, ವಿಯುಎಸ್, ಬಹುಶಃ ನಿರುಪದ್ರವಿ, ನಿರುಪದ್ರವಿ. ಇಲ್ಲಿ ‘ಬಹುಶಃ’ ಎಂದರೆ ಶೇ 90ಕ್ಕೂ ಮೇಲ್ಪಟ್ಟ ಖಾತ್ರಿ. ವಿಯುಎಸ್ (ಅನಿಶ್ಚಿತ ಅರ್ಥದ ವೇರಿಯಂಟ್) ಎಂದರೆ ರೋಗಕಾರಕ ಎನ್ನಲೂ ನಿರುಪದ್ರವಿ ಎನ್ನಲೂ ಪುರಾವೆ ಸಾಲದು. ‘ಅರ್ಧ ಪಾಸಿಟಿವ್’ ಎಂದು ಬರೆದರೆ ಅಂಕ ಹೋಯಿತು.

• ಮಾದರಿ ಪ್ರಶ್ನೆ: ಮೈಸೂರು ಕುಂಬಾರಕೊಪ್ಪಲಿನ ಒಂದು ಮನೆ. ಅಕ್ಕನಿಗೆ 45ರಲ್ಲಿ ಸ್ತನ ಕ್ಯಾನ್ಸರ್, ವರದಿಯಲ್ಲಿ ಬಿಆರ್‌ಸಿಎ2 ವಿಯುಎಸ್. ತಂಗಿ ಕೇಳುತ್ತಾಳೆ: “ಡಾಕ್ಟ್ರೇ, ಅಕ್ಕನಿಗಿರೋದು ನನಗೂ ಇದೆಯಾ ಅಂತ ಟೆಸ್ಟ್ ಮಾಡಿಸ್ಲಾ?” ಉತ್ತರ: ಬೇಡ. ಬಂದರೂ ಬಾರದಿದ್ದರೂ ಆ ಫಲಿತಾಂಶದಿಂದ ಅವಳ ಅಪಾಯ ಅಳೆಯಲಾಗದು. ವಿಯುಎಸ್ ನೆಚ್ಚಿಕೊಂಡು ಸ್ತನವನ್ನೋ ಅಂಡಾಶಯವನ್ನೋ ತೆಗೆಸುವುದು ತಪ್ಪು. ಆದರೆ ಕುಟುಂಬದ ಇತಿಹಾಸ ಇದ್ದೇ ಇದೆಯಲ್ಲ. ಅದರ ಮೇಲೆ ತಪಾಸಣೆ ನಡೆಯಬೇಕು. ಅಕ್ಕನ ವಯಸ್ಸಿಗಿಂತ 10 ವರ್ಷ ಮೊದಲು, ಅಂದರೆ 35ರಿಂದ, ಶುರು ಮಾಡುವುದು ರೂಢಿ. ಮನೆಯಲ್ಲಿ ಕ್ಯಾನ್ಸರ್ ಬಂದ ಇನ್ನೊಬ್ಬರಿದ್ದರೆ ಅವರಲ್ಲೂ ಅದೇ ವೇರಿಯಂಟ್ ಇದೆಯೇ ಎಂದು ನೋಡುವುದುಂಟು. ಅದು ವರ್ಗೀಕರಣಕ್ಕೆ ಬೇಕಾದ ಪುರಾವೆಗಾಗಿ.

• ಪುರಾವೆಗಳು: ಜನಸಂಖ್ಯೆಯಲ್ಲಿ ಶೇ 5ಕ್ಕಿಂತ ಹೆಚ್ಚು ಕಂಡರೆ ಅದೊಂದೇ ಸಾಕು, ನಿರುಪದ್ರವಿ. ಪ್ರಯೋಗಾಲಯದ ಕಾರ್ಯಪರೀಕ್ಷೆಯೂ ಒಂದು. 2018ರಲ್ಲಿ ಬಿಆರ್‌ಸಿಎ1ರ ಸುಮಾರು 4,000 ಬದಲಾವಣೆಗಳನ್ನು ಒಮ್ಮೆಗೇ ಹಾಗೆ ಪರೀಕ್ಷಿಸಲಾಯಿತು.

• ನಮ್ಮ ಕಡೆಯ ವಿಶೇಷ, ಪುಸ್ತಕದಲ್ಲಿ ಸಾಮಾನ್ಯವಾಗಿ ಸಿಗದ್ದು: ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿಂದ, ಒಂದೇ ವೇರಿಯಂಟ್‌ನ ಎರಡೂ ಪ್ರತಿ ಪಡೆದವರು ಇಲ್ಲಿ ಹೆಚ್ಚು. ಬಿಆರ್‌ಸಿಎ2ರ ಎರಡೂ ಪ್ರತಿ ಕೆಟ್ಟರೆ ಬಾಲ್ಯದಲ್ಲೇ ಫ್ಯಾಂಕೋನಿ ಅನೀಮಿಯಾ. ಹಾಗಾಗಿ ಎರಡೂ ಪ್ರತಿಯಲ್ಲಿ ಒಂದೇ ಬಿಆರ್‌ಸಿಎ2 ವಿಯುಎಸ್ ಇಟ್ಟುಕೊಂಡೂ ಫ್ಯಾಂಕೋನಿಯ ಲಕ್ಷಣವಿಲ್ಲದೆ ನಡುವಯಸ್ಸು ಮುಟ್ಟಿದವರು ಸಿಕ್ಕರೆ, ಅದು ನಿರುಪದ್ರವಿ ಎನ್ನಲು ಗಟ್ಟಿ ಸಾಕ್ಷಿ.

• ಭಾರತೀಯರಲ್ಲಿ ವಿಯುಎಸ್ ಹೆಚ್ಚಾಗಿ ಬರುವುದೇಕೆ? ಹೋಲಿಸುವ ದತ್ತಾಂಶ ಬಹುಪಾಲು ಯುರೋಪ್ ಮೂಲದವರದು. ನಮ್ಮ ಒಂದು ಸಮುದಾಯದಲ್ಲಿ ಸಾಮಾನ್ಯವಾದದ್ದು ಅಲ್ಲಿ ‘ಅಪರೂಪ’. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಜೀನೋಮ್‌ಗಳ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಕೊರತೆ ತುಸು ತುಂಬೀತು.

• ಮರುವರ್ಗೀಕರಣವಾದ ವಿಯುಎಸ್‌ಗಳಲ್ಲಿ ಹೆಚ್ಚಿನವು ಇಳಿಯುವುದು ನಿರುಪದ್ರವಿಯ ಕಡೆಗೇ. ಲ್ಯಾಬ್ ತಾನಾಗಿ ತಿಳಿಸುತ್ತದೆಂದು ಕಾಯದೆ, ಒಂದೆರಡು ವರ್ಷಕ್ಕೊಮ್ಮೆ ವಿಚಾರಿಸಬೇಕು.

• ಒಲಾಪರಿಬ್‌ನಂಥ ಪಾರ್ಪ್ ಪ್ರತಿಬಂಧಕ ಔಷಧವನ್ನು ಬಿಆರ್‌ಸಿಎ ಆಧಾರದ ಮೇಲೆ ಕೊಡಲು ಮೊದಲೆರಡು ದರ್ಜೆ ಬೇಕು, ವಿಯುಎಸ್ ಸಾಲದು.